ಕೇಳದವನೇ ಗೂಢಚಾರ

ನಾಲತವಾಡದ ಪರಸಪ್ಪ ಮೂರನೇ ಇಯತ್ತೆಗೇ ಸಾಲಿ ಬಿಟ್ಟವನು. ಅಕ್ಷರ ಓದಲು ಕಲಿತದ್ದು ಭಜಿ ಕಟ್ಟಿಕೊಟ್ಟ ಹಾಳೆಯ ಮೇಲೆ. ಮನುಷ್ಯರನ್ನು ಓದಲು ಕಲಿತದ್ದು ಟಿ.ವಿ. ಮುಂದೆ. ಅವನು ಆಲಮಟ್ಟಿಯಲ್ಲಿ ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸಕ್ಕಿದ್ದಾಗ ಕಾಲೊನಿಗೆಲ್ಲ ಒಂದೇ ಟಿ.ವಿ. ಇತ್ತು. ವಾರಕ್ಕೊಮ್ಮೆ ಅದರಲ್ಲಿ ಗೂಢಚಾರರ ಧಾರಾವಾಹಿ ಬರುತ್ತಿತ್ತು, ಹಿಂದಿಯಲ್ಲಿ. ಪರಸಪ್ಪನಿಗೆ ಹಿಂದಿಯ ಗಂಧವಿರಲಿಲ್ಲ. ಅದಕ್ಕೇ ಮಾತು ಬಿಟ್ಟು ಮುಖ ನೋಡಿದ. ದೇಶದ ಗುಟ್ಟು ಮಾರುವವನು ಮೀಸೆಯ ಮೇಜರನೇ ಎಂದು ಎಲ್ಲರೂ ಪಣ ಕಟ್ಟಿದ್ದಾಗ, ನಾಲ್ಕನೆಯ ವಾರವೇ ಇವನು ಹೇಳಿಬಿಟ್ಟ: "ಅಂವಲ್ಲೋ. ಫೈಲು ಹೊತ್ತು ತಿರಗತಾನಲ್ಲ, ಆ ಗುಮಾಸ್ತ. ಉಳದಾವ್ರು ಹುಬ್ಬು ಏರಿಸಿ ಒಬ್ಬರಿಗೊಬ್ಬರು ಏನರೆ ಕೇಳತಾರ. ಇಂವನ ಹುಬ್ಬು ಒಮ್ಮಿನೂ ಏರಿಲ್ಲ."

ಎಲ್ಲರೂ ನಕ್ಕರು. ಹದಿಮೂರನೆಯ ವಾರ ಗುಮಾಸ್ತನ ಕೈಗೆ ಬೇಡಿ ಬಿತ್ತು.

ಅಂದಿನಿಂದ ಪರಸಪ್ಪನ ರುಮಾಲು ಒಂದು ಸುತ್ತು ಹೆಚ್ಚಾಯಿತು. ಕೇಳುವವನು ಗೂಢಚಾರನಲ್ಲ, ಕೇಳದವನೇ ಗೂಢಚಾರ ಎಂಬ ಒಂದೇ ಮಾತಿನ ಮೇಲೆ ಮೂವತ್ತೈದು ವರ್ಷ ಬಾಳುವೆ ಮಾಡಿದ. ಹಾಲಿನವನು ಸುಮ್ಮನೆ ಹಾಲು ಹಾಕಿ ಹೋದರೂ ಗುಮಾನಿ.

ಇದೇ ಗುಮಾನಿಯಿಂದ ಮೊಮ್ಮಗಳು ರಾಜಶ್ರೀಯ ಎರಡು ಸಂಬಂಧ ತಪ್ಪಿದ್ದವು. ಒಬ್ಬ ವರ ಉಪ್ಪಿಟ್ಟು ತಿಂದು ಗೋಡೆ ನೋಡುತ್ತ ಕೂತನೆಂದು, ಇನ್ನೊಬ್ಬ ಹುಡುಗಿಯ ಹೆಸರನ್ನೂ ಕೇಳಲಿಲ್ಲವೆಂದು. ಮೂರನೆಯದು ಸಿಂದಗಿಯಿಂದ ಬಂದಿತ್ತು. ವರ ಯಲ್ಲಾಲಿಂಗ ಇಂಡಿ ಪಟ್ಟಣದಲ್ಲಿ ನಿಂಬೆಹಣ್ಣಿನ ವ್ಯಾಪಾರಿ. ರಾಜಶ್ರೀಗೆ ಮನಸ್ಸಾಗಿತ್ತು. ಉಳಿದದ್ದು ಮನೆತನದ ವಿಚಾರಣೆ ಒಂದೇ. ಗಂಡಿನವರ ಕಡೆಯಿಂದ ಒಬ್ಬ ಬಂದು ಹೆಣ್ಣಿನ ಊರಲ್ಲಿ ನಾಲ್ಕು ಮಂದಿಯನ್ನು ಕೇಳಿಕೊಂಡು ಹೋಗುವುದು ರೂಢಿ. ಬರುವವನು ಯಾರು, ಯಾವತ್ತು ಎಂದು ಹೆಣ್ಣಿನವರಿಗೆ ಯಾರೂ ಹೇಳುವುದಿಲ್ಲ.

"ಎರಡು ನೀವೇ ಕೆಡಿಸಿದ್ರಿ," ಎಂದಳು ಹೆಂಡತಿ ಶೇವಂತೆವ್ವ. "ಇದೂ ತಪ್ಪಿತಂದ್ರ ಮತ್ತೊಂದಕ್ಕ ಒಪ್ಪಾಂಗಿಲ್ಲ ಅಂತೈತಿ ಕೂಸು. ಬಾಯಿಗಿ ಬೀಗ ಹಾಕ್ಕೊಂಡು ಮನ್ಯಾಗ ಕೂಡ್ರಿ."

ಮುದುಕನನ್ನು ಮನೆಯಲ್ಲಿ ಕೂಡಿಸಲೆಂದೇ ರಾಜಶ್ರೀ ಆ ಹಳೆಯ ಧಾರಾವಾಹಿಯನ್ನು ಮೊಬೈಲಿನಲ್ಲಿ ಹುಡುಕಿ ಹಚ್ಚಿಕೊಟ್ಟಳು. ಇಬ್ಬರೂ ಕೂಡಿ ನೋಡಿದರು.

"ಮುತ್ಯಾ, ಈ ಗುಮಾಸ್ತನ್ನ ಒಮ್ಮೆರೆ ಯಾರರೆ ಮಾತಾಡಿಸ್ಯಾರೇನು? ಚಹಾ ಬಂದ್ರ ಎಲ್ಲಾರಿಗೂ ಕೊಡತಾರ, ಇಂವನ್ನ ಬಿಟ್ಟು. ಅಂವರೆ ಯಾರನ್ನ ಕೇಳಬೇಕು?"

"ನೀ ಸಣ್ಣಾಕಿ. ನಿನಗ ತಿಳಿಯಾಂಗಿಲ್ಲ ಸುಮ್ಕಿರು," ಎಂದ ಪರಸಪ್ಪ. ಆದರೆ ಚಹಾದ ಬಟ್ಟಲು ಗುಮಾಸ್ತನನ್ನು ದಾಟಿ ಹೋದದ್ದು ಅವನಿಗೂ ಕಂಡಿತ್ತು.

ಮರುದಿನ ಮುಂಜಾನೆ ಬೀಗ ಮುರಿದು, ವಿಚಾರಣೆಗೆ ಬರುವವನನ್ನು ಗುರುತು ಹಿಡಿಯಲೆಂದು ಬಸ್ ನಿಲ್ದಾಣದ ಎದುರು, ಗೈಬುಸಾಬನ ಚಹಾದಂಗಡಿಗೆ ಬಂದು ಕೂತ. ಊರಿಗೆ ಹೊಸಬರು ಇಬ್ಬರಿದ್ದರು. ಮೂಲೆಯ ಬಾಕಿನ ಮೇಲೆ ಗಲ್ಲಕ್ಕೆ ಟವೆಲು ಸುತ್ತಿಕೊಂಡವನೊಬ್ಬ. ಚಹಾ ಮುಟ್ಟಿಲ್ಲ, ಮಾತಿಲ್ಲ, ಬರೀ ನೋಟ. ಇನ್ನೊಬ್ಬ ಬಿಳಿ ಅಂಗಿ, ಬಿಳಿ ಟೊಪ್ಪಿಗೆಯವನು. ಬಂದವನೇ ಪರಸಪ್ಪನ ಎದುರೇ ಬಾಯಿ ತೆರೆದ.

"ಹಿರ್ಯಾರ, ಇಲ್ಲಿ ಪರಸಪ್ಪ ಅನ್ನಾವ್ರ ಮನಿತನ ಹೆಂಗೈತ್ರಿ? ಮೊಮ್ಮಗಳ ಗುಣ ಹೆಂಗ? ಮನ್ಯಾಗ ಜಗಳ ಗಿಗಳ ಏನರೆ?"

ಗೈಬುಸಾಬ ಬಾಯಿ ಹಾಕುವಷ್ಟರಲ್ಲಿ ಪರಸಪ್ಪ ಕಣ್ಣು ಹೊಡೆದ. ಇಷ್ಟು ರಾಜಾರೋಷವಾಗಿ ಕೇಳುವವನು ವಿಚಾರಣೆಗೆ ಬಂದವನಾಗಿರಲಾರ. ಸಂಬಂಧ ಮುರಿಯಲು ಬಂದ ಯಾವನೋ ಹಗೆ. ಧಾರಾವಾಹಿಯಲ್ಲಿ ಗುಮಾಸ್ತನನ್ನು ಹಿಡಿಯಲು ಮೇಜರ ಮಾಡಿದಂತೆ ಇವನಿಗೊಂದು ಸುಳ್ಳು ಸುದ್ದಿ ಕೊಡಬೇಕು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ನೋಡಬೇಕು.

"ಹುಡುಗಿ ಬಂಗಾರ," ಎಂದ. "ಆದ್ರ ಆ ಪರಸಪ್ಪ? ಬ್ಯಾಡ್ರಿ ಮಾರಾಯ್ರ. ಗುಮಾನಿ ಮುದುಕ. ತನ್ನ ನೆಳ್ಳಿನ್ನೂ ನಂಬಾಂಗಿಲ್ಲ."

ಬಿಳಿ ಟೊಪ್ಪಿಗೆಯವನು ಮುಖ ಸಣ್ಣದು ಮಾಡಿ ಎದ್ದು ಹೋದ. ಪರಸಪ್ಪ ಮೂಲೆಯವನ ಪಕ್ಕಕ್ಕೆ ಸರಿದ. ಮಿರ್ಚಿ ಭಜಿ ತರಿಸಿದ. ಪರಸಪ್ಪನ ಮನೆಯಂಥ ಮನೆ ಮುದ್ದೇಬಿಹಾಳ ತಾಲೂಕಿನಲ್ಲೇ ಇಲ್ಲವೆಂದು ಅರ್ಧ ತಾಸು ಹೊಗಳಿದ. ಆಸಾಮಿ ಹುಬ್ಬು ಏರಿಸಲಿಲ್ಲ. ಪಕ್ಕಾ ಇವನೇ!

ಕೊನೆಗೆ ಆ ಮನುಷ್ಯ ಟವೆಲು ಸರಿಸಿ ತೊದಲಿದ: "ನಮ್ಮೂರು ಬಾಗೇವಾಡಿ ಕಡಿ ಮಸೂತಿರಿ. ಮಗಳ ಊರಿಗಿ ಬಂದೇನಿ. ದವಡಿ ಹಲ್ಲು ಕೀಳಿಸೇನಿ, ಬಾಯಾಗ ಹತ್ತಿ ಅರಳಿ ಐತಿ. ನಿಮ್ಮ ಕೈ ಮುಗೀತೇನಿ, ಮಾತಾಡಸಬ್ಯಾಡ್ರಿ."

ಗೈಬುಸಾಬ ಹೊಟ್ಟೆ ಹಿಡಿದುಕೊಂಡು ನಕ್ಕ. "ಪರಸಣ್ಣಾ, ಬಿಳಿ ಟೊಪಗಿಯಾಂವ ಸಿಂದಗಿ ಬಸ್ಸಿನಿಂದ ಇಳದಾನೋ! ನಮ್ಮ ಕಡಿ ಮಂದಿ ಮಾರಿಗಿ ಮಾರಿ ಕೊಟ್ಟು ಕೇಳತಾರ. ಇದೇನು ಡಿಲ್ಲಿ ಅಂತ ತಿಳದಿ?"

"ಎಲ್ಲಿ ಹೋದ ಅಂವ?"

"ಎಲ್ಲಿಗಿ? ನಿನ್ನ ಮನಿಗೇ."

ಪರಸಪ್ಪ ಧೋತರದ ಚುಂಗು ಹಿಡಿದು ಓಡಿದ. ಮನೆಯಲ್ಲಿ ಬಿಳಿ ಟೊಪ್ಪಿಗೆಯವನು ಜಮಖಾನೆಯ ಮೇಲೆ ಕೂತು ಶೇವಂತೆವ್ವನಿಗೆ ಹೇಳುತ್ತಿದ್ದ: "ನಾ ಬಸಂತರಾಯ, ಹುಡುಗನ ಸೋದರಮಾವ. ಓಣಿ ಮಂದಿ ಛಲೋ ಅಂದ್ರು. ಒಬ್ಬ ಹಿರ್ಯಾ ಮಾತ್ರ... ಅಗಾ, ಇಂವೇ ಅಂವ! ನೀ ಯಾಕ ಇಲ್ಲಿಗಿ ಬಂದಿ?"

ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋಗಿತ್ತು. "ನಾನೇ ಪರಸಪ್ಪರಿ."

ಶೇವಂತೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಸಂತರಾಯ ಎದ್ದೇಬಿಟ್ಟ. "ತನ್ನ ಮನಿಗಿ ತಾನೇ ಕೊಳ್ಳಿ ಇಡಾಂವ ನಮ್ಮ ಮನಿ ಬಿಡತಾನೇನವ್ವಾ?"

ಆಗ ರಾಜಶ್ರೀ ಚಹಾ ಹಿಡಿದು ಅಡ್ಡ ಬಂದಳು. "ಕೂಡ್ರಿ ಮಾಮಾ. ಮುತ್ಯಾ ನನಗೇನಂದ?"

"ಬಂಗಾರ ಅಂದ."

"ತನಗ?"

"ಗುಮಾನಿ ಮುದುಕ ಅಂದ."

"ಎರಡನೇದು ಖರೇ ಹೌದೋ ಅಲ್ಲೋ ಊರೆಲ್ಲಾ ಕೇಳ್ರಿ. ಒಂದನೇದು ನೀವೇ ನೋಡ್ರಿ. ಇದರಾಗ ಯಾವುದು ಸುಳ್ಳು?"

ಬಸಂತರಾಯ ಮುದುಕನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದ. ಕೂತ. ಚಹಾ ಕುಡಿದ. ಶೇವಂತೆವ್ವ ಮುಂದೆ ಹಿಡಿದ ಸಕ್ಕರೆಯನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಸಕ್ಕರೆ ಬಾಯಿಗೆ ಬಿತ್ತೆಂದರೆ ಒಪ್ಪಿದಂತೆ. ಆದರೆ ತುಟಿ ಪಿಟಕ್ಕೆನ್ನದೆ ಎದ್ದು ಹೊರಟುಹೋದ.

ಪರಸಪ್ಪನ ಎದೆಯಲ್ಲಿ ಹಳೆಯ ಹುಳು ಎದ್ದಿತು. "ಮದಿವಿ ಎಂದು ಅಂತ ಅಂವ ಕೇಳಲೇ ಇಲ್ಲ ನೋಡ. ಕೇಳದಾಂವ..."

"ನಿಮಗೇನು ಬಾಯಿಲ್ಲೇನು?" ಶೇವಂತೆವ್ವ ಸಿಡಿದಳು. "ನೀವು ಒಬ್ಬರಿಗರೆ ಒಂದು ಮಾತು ಕೇಳೀರಾ, ಹುಟ್ಟಿದಾಗಿಂದ?"

ಮುದುಕ ಬಾಗಿಲಲ್ಲಿ ನಿಂತು ನೆನೆಸಿಕೊಂಡ. ಹಾಲಿನವನನ್ನು ಕೇಳಿರಲಿಲ್ಲ. ಗೋಡೆ ನೋಡಿದ ವರನನ್ನೂ ಕೇಳಿರಲಿಲ್ಲ. ಮತ್ತೆ ಧೋತರದ ಚುಂಗು ಹಿಡಿದ. ಸಿಂದಗಿ ಬಸ್ಸು ಆಗಲೇ ಹೊರಳುತ್ತಿತ್ತು. ಕಿಟಕಿಯ ಜೊತೆ ಓಡುತ್ತ, ಹುಬ್ಬು ಏರಿಸಿ ಒದರಿದ: "ಬೀಗರ! ಮದಿವಿ ಎಂದು ಇಟಗೊಳ್ಳೂಣ್ರಿ?"

ಬಸಂತರಾಯ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ದಸರಾ ಆದ ಮ್ಯಾಲ! ಇಷ್ಟೊತ್ತನಾ ಯಾಕ ಕೇಳಲಿಲ್ರಿ? ನೀವು ಏನೂ ಕೇಳವಲ್ರಿ ಅಂತ ನನಗೂ ಗುಮಾನಿ ಬಂದಿತ್ತು!"