ಹೊಂಬಾಳಮ್ಮ ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆ

ಬೆಸಗರಹಳ್ಳಿಯ ಹೊಂಬಾಳಮ್ಮನ ವಿಷಯ ಬರೆಯಲೇಬೇಕು. ಗಂಡನನ್ನು ಹುಡುಕುವುದಕ್ಕೆಂದೇ ಇಂಗ್ಲಿಷ್ ಕಲಿತ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ಊರಿಗೆ ಟಪಾಲು ಹಂಚುವವನು ನಾನು. ಅವಳ ಕಾಗದಗಳೆಲ್ಲ ನನ್ನ ಚೀಲದಲ್ಲೇ ಹೋದವು.

ಗಂಡ ನಲವತ್ತೊಂದನೇ ಇಸವಿಯಲ್ಲಿ ಸೈನ್ಯದ ಜೊತೆ ಸಿಂಗಪುರಕ್ಕೆ ಹೋದ. ಮರುವರ್ಷ ಸಿಂಗಪುರ ಜಪಾನಿನವರ ಕೈಗೆ ಬಿತ್ತು. ಅಲ್ಲಿಂದೀಚೆಗೆ ಒಂದು ಕಾರ್ಡೂ ಇಲ್ಲ. ಯುದ್ಧ ಮುಗಿದು ಬೇರೆ ಊರಿನ ಸೆರೆಯಾಳುಗಳು ಬಂದರು. ಇವನು ಬರಲಿಲ್ಲ. ಸೈನ್ಯದ ಕಚೇರಿಗೆ ತಾನೇ ಬರೆಯುತ್ತೇನೆಂದು ಹೊಂಬಾಳಮ್ಮ ಮರಿಯಯ್ಯ ಮೇಷ್ಟ್ರ ಹತ್ತಿರ ಹೋದಳು. ಅವರು ಮದ್ದೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಪಿಂಚಣಿ ಪಡೆದು ಬಂದವರು.

"ನಾನೇ ಬರ್ಕೊಡ್ತೀನಿ ಬುಡವ್ವ" ಎಂದರು.

"ಬ್ಯಾಡಿ. ಎಂಡ್ತಿ ಕೈಯಕ್ಸರ ನೋಡುದ್ರೆ ಏಳ್ತಾರೆ ಕಣ್ ಮೇಷ್ಟ್ರೇ."

ಅತ್ತೆ ದೊಡ್ಡತಾಯಮ್ಮ ರೇಗಿದಳು. "ರಾಗಿ ಬೀಸೋ ಕೈಗೆ ಇಂಗ್ಲೀಸ್ ಯಾಕಮ್ಮಿ? ದೊರೆಸಾನಿ ಆಗಿ ಯಾರ್ನ ಆಳ್ಬೇಕೂಂತಿದ್ದೀಯೆ?"

"ನಿಮ್ ಮಗನ್ನ ಉಡುಕ್ಬೇಕು ಕಣತ್ತೆ."

ಮುದುಕಿ ರಾಗಿಯ ಮೊರ ಎತ್ತಿಕೊಂಡಳು. ಬೀಸುವ ಕಲ್ಲಿನ ಮುಂದೆ ತಾನೇ ಕೂತಳು.

ಅಕ್ಷರ ಮುಗಿದ ಮೇಲೆ ಮೇಷ್ಟ್ರು ವಾಕ್ಯಕ್ಕೆ ಬಂದರು. ಹೇಳುವುದು, ಕೇಳುವುದು, ಅಪ್ಪಣೆ ಮಾಡುವುದು, ಉದ್ಗಾರ, ಹೀಗೆ ನಾಲ್ಕು ಬಗೆ ಎಂದರು. ಅವಳಿಗೆ ಮೊದಲೆರಡೇ ಬೇಕಿತ್ತು. 'ಹಿ ಈಸ್ ಅಲೈವ್' ಅಂದರೆ ಅವನು ಬದುಕಿದ್ದಾನೆ.

"ಅದ್ರಲ್ಲಿ 'ಈಸ್'ನ ಮುಂದಕ್ಕೆ ತಾ. 'ಈಸ್ ಹಿ ಅಲೈವ್' ಅಂದ್ರೆ ಕೇಳ್ದಂಗಾಯ್ತದೆ."

"ಕಚೇರಿಯೋರು ತಿರ್ಗ ಅದ್ನ ಇಂದಕ್ಕೆ ಆಕುದ್ರೆ ಏಳ್ದಂಗಾಯ್ತದಾ?"

"ಆಯ್ತದೆ ಕಣವ್ವ."

"ಅಷ್ಟು ಆಕೊಟ್ರೆ ಸಾಕು."

ಆರು ತಿಂಗಳು ನೆಲಕ್ಕೆ ಬೂದಿ ಹರಡಿ ಬರೆದಳು. ಆಮೇಲೆ ತಿಂಗಳಿಗೊಂದು ಕಾಗದ, ಒಟ್ಟು ಏಳು. ಯಾರಿಗೂ ತೋರಿಸಲಿಲ್ಲ, ಅಂಟಿಸಿಯೇ ನನಗೆ ಕೊಡುತ್ತಿದ್ದಳು. "ಅಣ್ಣ, ಮಳೇಲಿ ನೆನೆಸ್ಬ್ಯಾಡ." ದಿನವೂ ಬಾಗಿಲಲ್ಲಿ ನಿಂತಿರುತ್ತಿದ್ದಳು. ನಾನು ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದೆ.

ಎಂಟನೇ ತಿಂಗಳು ಉತ್ತರ ಬಂತು. ಮೇಷ್ಟ್ರು ಓದಿ ಅವಳನ್ನೇ ನೋಡಿದರು.

"ಯಾರ ಗಂಡ ಅಂತ ಕೇಳವ್ರೆ. ಏಳು ಕಾಗ್ದದಲ್ಲೂ ಹೆಸ್ರೇ ಬರ್ದಿಲ್ವೇನವ್ವ?"

"ಎಂಗ್ ಬರೀಲಿ? ಎಂಡ್ತಿ ಬಾಯಲ್ಲಿ ಎಸ್ರು ಬಂದ್ರೆ ಅವ್ರ ಆಯಸ್ಸು ಕಮ್ಮಿ ಆಗಕಿಲ್ವಾ?"

"ಬರಿಯೋದು ಬಾಯಲ್ಲ ಕಣವ್ವ."

"ಕೈನೂ ನಂದೇ ಅಲ್ವಾ?"

ಮೂರು ದಿನ ಅನ್ನ ಮುಟ್ಟಲಿಲ್ಲ. ಕೊನೆಗೆ ಅತ್ತೆಯೇ ಕಾಗದ ತಂದು ಮುಂದಿಟ್ಟಳು. "ಎತ್ತೋಳು ನಾನು. ಎಸ್ರು ನಾ ಏಳ್ತೀನಿ, ನೀ ಕಣ್ಮುಚ್ಕಂಡ್ ಬರಿ."

ಬರೆದಳು. ಅಕ್ಷರ ಓರೆಯಾಗಿದ್ದವು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬಂತು. ಬಿಡುಗಡೆಯಾದವರ ಪಟ್ಟಿಯಲ್ಲಿ ಅವನಿಲ್ಲ. ಸತ್ತವರ ಪಟ್ಟಿಯಲ್ಲೂ ಇಲ್ಲ.

"ನಾ ಎಸ್ರು ಬರ್ದೆ, ಅದ್ಕೇ ಅವ್ರು ಅಳ್ಸೋದ್ರು" ಎಂದಳು. ಮೇಷ್ಟ್ರು ಎಷ್ಟು ಹೇಳಿದರೂ ಕೇಳಲಿಲ್ಲ. ಈಗ ನಾನು ಹೋಗುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ.

ಅವನ ಹೆಸರು ಸಿದ್ದರಾಮು. ಅವಳು ಹೇಳುವುದಿಲ್ಲ, ಅದಕ್ಕೆ ನಾನು ಬರೆದಿದ್ದೇನೆ. ಎತ್ತರದ ಆಳು, ಎಡ ಹುಬ್ಬಿನ ಮೇಲೆ ಕುಡುಗೋಲಿನ ಗಾಯ. ಸಿಂಗಪುರದಿಂದ ಬಂದವರು ನಿಮ್ಮೂರಲ್ಲಿದ್ದರೆ ಕರೆದುಕೊಂಡು ಬೆಸಗರಹಳ್ಳಿಗೆ ಹೋಗಿ. ಬಾಗಿಲು ಹಾಕಿದ್ದರೂ ಕೂಗಿ. ಅವನನ್ನು ಕಂಡಿದ್ದರೆ ಕಂಡೆವೆಂದು ಹೇಳಿ. ಕಾಣದಿದ್ದರೆ, ಹೆಸರು ಬರೆದದ್ದರಿಂದ ಅವನಿಗೇನೂ ಆಗಲಿಲ್ಲ ಎಂದಾದರೂ ಹೇಳಿ ಬನ್ನಿ. ನಾನು ಹೇಳಿದರೆ ಅವಳು ನಂಬುತ್ತಿಲ್ಲ.