ಕಿವಿಯಲ್ಲಿ ಹೇಳಿದ ಹೆಸರು

ಮೊನ್ನೆ ಕುರುಗೋಡಿನ ತವರುಮನೆಗೆ ಹೋಗಿದ್ದೆ. ತಮ್ಮನಿಗೆ ಮಗಳು ಹುಟ್ಟಿದ್ದಾಳೆ. ತೊಟ್ಟಿಲು ಶಾಸ್ತ್ರಕ್ಕೆಂದು ಬಾಣಂತಿ, ಕೂಸು ಇಬ್ಬರನ್ನೂ ಅಲ್ಲಿಗೆ ಕರೆತಂದಿದ್ದರು. ಕೂಸಿಗೆ ಎರೆದು ಆಗಿತ್ತು. ಅಮ್ಮ ಕೆಂಡದ ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ, ಚೂರು ಲೋಬಾನ ಉದುರಿಸಿದ್ದಳು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. "ಒಳಗ ಬಾರವ್ವಾ, ಬಾಗಲಾಗ ಯಾಕ ನಿಂತಿ?" ಎಂದಳು ಅಮ್ಮ. ಅದೇ ಕೋಣೆಯ ಕಿಟಕಿಯ ಆಚೆ, ಬಿಸಿಲಲ್ಲಿ, ಸೆರಗನ್ನು ಕೊರಳಿಗೆ ಒತ್ತಿಕೊಂಡು ಒಬ್ಬಳು ನಿಂತಿದ್ದಳು, ವರ್ಷಗಳ ಹಿಂದೆ... ಒಳಗೆ ಬರಲಾರದೆ.

ಅವಳು ನಮ್ಮ ಗೋಡೆಯಾಚೆಯ ಅಕ್ಕ. ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮಿಬ್ಬರ ಬಾಡಿಗೆ ಮನೆಗಳಿಗೆ ಇದ್ದದ್ದು ಒಂದೇ ಗೋಡೆ. ಸಿರುಗುಪ್ಪದ ಕಡೆಯ ದೇಶನೂರಿನಿಂದ ಬಂದವಳು. ಮಗನನ್ನು ಹಾಸ್ಟೆಲ್ಲಿಗೆ ಕಳಿಸಿ ಗಂಡನ ಜೊತೆ ಇದ್ದಳು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಬೆಳೆದ ಗಂಟಲು ಅದು. ಮನೆಯೊಳಗೇ ಕೂತು, "ಏ ತಂಗೀ, ಹಾಲು ಉಕ್ಕಾಕ ಹತ್ತೇತಿ ನೋಡ!" ಎಂದರೆ ನಾನು ಓಡಿ ಹೋಗಿ ಒಲೆ ಆರಿಸುತ್ತಿದ್ದೆ. ನನ್ನ ಮನೆಯ ಹಾಲು ಉಕ್ಕುವುದು ಅವಳಿಗೆ ಹೇಗೆ ತಿಳಿಯುತ್ತಿತ್ತೋ, ದೇವರೇ ಬಲ್ಲ.

ಓಣಿಯಲ್ಲಿ ಯಾರಿಗೆ ಕೂಸು ಹುಟ್ಟಿದರೂ ಎರೆಯಲು ಅಕ್ಕನೇ ಬೇಕು. ಮಣೆಯ ಮೇಲೆ ಕೂತು, ಕಾಲು ಚಾಚಿ, ಮೊಣಕಾಲಿನ ಕೆಳಗೆ ಕೂಸನ್ನು ಮಲಗಿಸಿಕೊಂಡು, ಅದು ಅರಚಿದಷ್ಟೂ ತಾನೂ ಅದರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ನಾನು ಬಸುರಿ ಎಂದು ಮೊದಲು ಗೊತ್ತಾದದ್ದೂ ಅವಳಿಗೇ. ಬೆಳಿಗ್ಗೆ ನಾನು ಓಕರಿಸಿದ ಸದ್ದು ಕೇಳಿ, ಗೋಡೆ ಸುತ್ತಿ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಿನ್ನ ಗಂಡಗ ಅಕ್ಕ ತಂಗಿ ಯಾರೂ ಇಲ್ಲ. ಕೂಸಿನ ಕಿವ್ಯಾಗ ಹೆಸರು ಹೇಳಾಕ ಸೋದರತ್ತಿ ಬೇಕಲ್ಲ? ನಾ ಅದೀನಿ. ಇವತ್ತಿಂದ ನಾ ನಿನಗ ನಾದಿನಿ. ಹುಷಾರಾಗಿರು ಮತ್ತ!"

ನಮ್ಮ ಕಡೆ ಅದೊಂದು ಚೆಂದದ ಶಾಸ್ತ್ರ. ತೊಟ್ಟಿಲಿಗೆ ಹಾಕುವ ದಿನ ತಂದೆಯ ಅಕ್ಕನೋ ತಂಗಿಯೋ ಬಗ್ಗಿ, ಕೂಸಿನ ಕಿವಿಯಲ್ಲಿ "ಕುರ್ರ್..." ಎಂದು ಹೆಸರು ಹೇಳುತ್ತಾಳೆ. ಅವಳು ಹೇಳಿ ಮುಗಿಸುವುದರೊಳಗೆ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಹಳೆಯ ಲೆಕ್ಕಗಳನ್ನೆಲ್ಲ ಚುಕ್ತಾ ಮಾಡಿಕೊಳ್ಳುವುದು ಆವತ್ತೇ. ಆಮೇಲೆ ಅವಳು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೆಸರು ಕೂಗಬೇಕು. ಅಕ್ಕನ ಗಂಟಲಿಗೆ ಹೇಳಿ ಮಾಡಿಸಿದ ಕೆಲಸ.

ಅವಳು ನನ್ನ ನಾದಿನಿಯಾದ ಕೆಲವೇ ದಿನಕ್ಕೆ ಜ್ವರ ಎಂದು ಮಲಗಿದಳು. ಜ್ವರ ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಗಂಟಲೊಳಗೆ ಕೊಳವೆ ಇಳಿಸಿ, ಯಂತ್ರದಿಂದ ಉಸಿರಾಡಿಸಿದರು. ಬದುಕುತ್ತಾಳೋ ಇಲ್ಲವೋ ಎಂದು ಓಣಿಯೇ ಕಂಗಾಲಾಗಿತ್ತು. ಬದುಕಿದಳು! ಮನೆಗೆ ಬಂದ ದಿನ, ಕೂತು ಎದ್ದರೆ ತಲೆ ಸುತ್ತುತ್ತಿದ್ದರೂ ನನಗೆಂದು ಸಜ್ಜಕ ಮಾಡಿಸಿ ಕಳಿಸಿದ್ದಳು.

ಒಂದು ದಿನ ಗೋಡೆಯಾಚೆ ಸಣ್ಣಗೆ ಸೀಟಿ ಕೇಳಿಸಿತು. ನಿಲ್ಲಲೇ ಇಲ್ಲ. "ಅಕ್ಕಾ, ಕುಕ್ಕರ್ ಇಳಿಸು!" ಎಂದು ಕೂಗಿದೆ. ಅವಳು ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. "ಕುಕ್ಕರ್ ಅಲ್ಲ ತಂಗಿ, ಅದು ನಾನ..." ಎಂದಳು. ನಗಲು ಹೋದಳು, ಆದರೆ ನಗುವಷ್ಟು ಉಸಿರು ಅವಳಲ್ಲಿ ಇರಲಿಲ್ಲ.

ನಮ್ಮ ಬಳ್ಳಾರಿಯ ಮಂದಿಗೆ ಉಸಿರಿನ ತೊಂದರೆ ಎಂದರೆ ಒಂದೇ ಕಾರಣ ಗೊತ್ತು, ಧೂಳು. ಕೆಮ್ಮು ಬಂತೇ, ಧೂಳು. ದಮ್ಮು ಬಂತೇ, ಧೂಳು. ಅದರ ಮೇಲೆ ಅಕ್ಕನ ಗಂಡ, ನಮ್ಮ ಭಾವ, ಕುಡತಿನಿಯ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಕ್ಕೆ ಕೆಲಸಕ್ಕೆ ಹೋಗುತ್ತಿದ್ದವರು. ಸಂಜೆ ಬಂದರೆ ಹುಬ್ಬಿನ ತನಕ ಬೂದಿ. ಇನ್ನೇನು ಬೇಕು? ಓಣಿಯೆಲ್ಲ ಸೇರಿ ತೀರ್ಪು ಕೊಟ್ಟೆವು: ಗಂಡನ ಬಟ್ಟೆಯ ಬೂದಿ ಹೆಂಡತಿಯ ಎದೆಗೆ ಹೊಕ್ಕಿದೆ. ಪಾಪ, ಭಾವ ಅಂಗಳದಲ್ಲೇ ಬಟ್ಟೆ ಬಿಚ್ಚಿ, ಅಲ್ಲೇ ನೀರು ಸುರಿದುಕೊಂಡು, ಒದ್ದೆ ಟವೆಲಿನಲ್ಲಿ ಒಳಗೆ ಹೋಗಲು ಶುರು ಮಾಡಿದರು. ಹೆಂಡತಿಯ ಹತ್ತಿರ ಕೂರಲೂ ಹೆದರುತ್ತಿದ್ದರು. ಹತ್ತಿರದ ದವಾಖಾನೆಯವರೂ ದಮ್ಮು ಎಂದೇ ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು. ಪಂಪಿಗೆ ಸೀಟಿ ನಿಲ್ಲಲಿಲ್ಲ. ಕೊನೆಗೆ, ಒಳ್ಳೆಯ ಗಾಳಿ ಸಿಗಲಿ ಎಂದು ಅವಳನ್ನು ದೇಶನೂರಿಗೆ ಕಳಿಸಿದೆವು.

ಧೂಳಿಲ್ಲದ ಆ ಗದ್ದೆಗಳ ನಡುವೆ, ಕಾಲುವೆಯ ಏರಿ ಹತ್ತುವಾಗ ಅಕ್ಕ ಕುಸಿದುಬಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತಂತೆ. ಬಳ್ಳಾರಿಯ ಆಸ್ಪತ್ರೆಗೆ ತಂದು, ಜೀವ ಉಳಿಸಲು ಕೊರಳಿನಲ್ಲಿ ತೂತು ಮಾಡಿ ಸಣ್ಣ ಕೊಳವೆ ಕೂಡಿಸಿದರು. ಆ ದಿನ ನಾನು ಹೊಟ್ಟೆ ಹೊತ್ತುಕೊಂಡೇ ಹೋಗಿದ್ದೆ. ಗಂಟಲಿನ ಡಾಕ್ಟರಮ್ಮ ಭಾವನನ್ನು ಕೂರಿಸಿಕೊಂಡು, ಚಹದ ಲೋಟದ ಅಂಚಿನ ಸುತ್ತ ಬೆರಳಾಡಿಸಿ ತೋರಿಸುತ್ತ ತಿಳಿಸಿ ಹೇಳಿದರು.

"ಬೂದಿ ಅಲ್ಲರೀ, ದಮ್ಮೂ ಅಲ್ಲ. ಜ್ವರ ಬಂದಾಗ ಕೊಳವಿ ಹಾಕಿದ್ರಲ್ಲ, ಅದು ಒತ್ತಿದ ಜಾಗಾ ಗಾಯ ಆಗಿ, ಮಾಯ್ತಾ ಮಾಯ್ತಾ ಮುದುಡೇತಿ. ಉಸಿರಿನ ದಾರಿ ಸಣ್ಣದಾಗೇತಿ. ಒಮ್ಮೊಮ್ಮೆ ಹಿಂಗ ಆಗತೈತಿ, ಯಾರ ತಪ್ಪೂ ಇಲ್ಲ."

ಆ ಹೊತ್ತಿನಲ್ಲಿ ಆ ಕೊಳವೆ ಇಲ್ಲದಿದ್ದರೆ ಅಕ್ಕ ಬದುಕುತ್ತಿರಲಿಲ್ಲ. ಅದೂ ನಿಜ, ಇದೂ ನಿಜ. ಭಾವ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವರು ಮುಖ ಮುಚ್ಚಿಕೊಂಡು ಅತ್ತರು. "ನಾ ಅಲ್ಲಂತವ್ವಾ... ನನ್ನಿಂದ ಅಲ್ಲಂತ..." ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬಳಾಗಿದ್ದೆ, ಹೋಗಿ ಪಕ್ಕದಲ್ಲಿ ಕೂತೆ.

ಅಲ್ಲಿಂದ ಮುಂದೆ ಗೋಡೆಯಾಚೆ ಸದ್ದೇ ಇಲ್ಲ. ಉಸಿರೆಲ್ಲ ಕೊರಳಿನ ತೂತಿನಲ್ಲೇ ಬಂದು ಹೋಗುತ್ತಿತ್ತು. ಗಾಳಿ ಬಾಯಿಯ ತನಕ ಏರಿದರಲ್ಲವೇ ಮಾತು? ನಮ್ಮ ಹಾಲು ಉಕ್ಕುವಾಗ ಲಟ್ಟಣಿಗೆಯಿಂದ ಗೋಡೆ ಬಡಿಯುತ್ತಿದ್ದಳು. ತುಟಿ ಆಡಿಸುತ್ತಿದ್ದಳು, ಭಾವ ಅದನ್ನು ಓದಿ ನಮಗೆ ಹೇಳುತ್ತಿದ್ದರು. ಬೈಗುಳ ಬಂದಾಗ ಮಾತ್ರ ಭಾವ ಸುಮ್ಮನಿರುತ್ತಿದ್ದರು, ನಮಗೆ ಅರ್ಥವಾಗುತ್ತಿತ್ತು.

ನಾನು ಹೆರಿಗೆಗೆ ಕುರುಗೋಡಿಗೆ ಬಂದೆ. ಮಗಳು ಹುಟ್ಟಿದಳು. ಅಕ್ಕ ಬಸ್ಸು ಹತ್ತಿ ಬಂದೇಬಿಟ್ಟಳು. ಬಂದ ಹೊತ್ತಿಗೆ ಕೋಣೆಯ ತುಂಬ ಓಂಕಾಳಿನ ಹೊಗೆ. ಮೂಗಿನಲ್ಲಿ ಉಸಿರಾಡುವವರಿಗೇ ಕೆಮ್ಮು ಬರುವ ಹೊಗೆ, ಅವಳಿಗೋ ನೇರ ಶ್ವಾಸನಾಳಕ್ಕೇ ನುಗ್ಗುತ್ತದೆ. ಊರ ಕೂಸುಗಳಿಗೆಲ್ಲ ಎರೆದವಳು ಕಿಟಕಿಯ ಆಚೆ ನಿಂತಳು. ನಾನು ಕೂಸನ್ನು ಸರಳಿನ ಹತ್ತಿರ ಎತ್ತಿ ಹಿಡಿದೆ. ಅವಳು ತುಟಿ ದುಂಡಗೆ ಮಾಡಿದಳು. ಕುರ್ರ್... ಸದ್ದು ಬರಲಿಲ್ಲ.

ಅಮ್ಮ ಅದನ್ನು ನೋಡಿ ಕಣ್ಣೊರೆಸಿಕೊಂಡಳು. ಆದರೆ ಅಕ್ಕ ಹೋದ ಮೇಲೆ, "ಹೆಸರು ಹೇಳಾಕ ದನಿ ಬೇಕಲ್ಲವಾ ಮಗಳ? ಸಿರುಗುಪ್ಪದಾಗಿನ ನಿನ್ನ ಗಂಡನ ಚಿಗವ್ವನ್ನ ಕರಸೋಣು. ಕೂಸಿನ್ನ ಹಂಗ ಎಷ್ಟ ದಿನ ಇಡ್ತಿ?" ಎಂದಳು.

ನನಗೆ ಸಿಟ್ಟು ಬಂತು. ಬಾಣಂತಿಯ ಸಿಟ್ಟು, ಕೇಳಬೇಕೇ! "ಇಟ್ಟರ ಅಕ್ಕ ಇಡಬೇಕು. ಇಲ್ಲಂದ್ರ ಇದು ಮದುವ್ಯಾಗೂತನಕ ಹೆಸರಿಲ್ದನ ಇರಲಿ" ಎಂದುಬಿಟ್ಟೆ. ನಮ್ಮ ಮನೆಯವರೂ ನನ್ನ ಮುಖ ನೋಡಿ ಹೂಂ ಎಂದರು. ಹನ್ನೆರಡನೆಯ ದಿನ ದಾಟಿತು, ತಿಂಗಳು ದಾಟಿತು. ಕೂಸು ಪುಟ್ಟಿಯಾಗಿ, ಚಿನ್ನಿಯಾಗಿ, ಗುಂಡಿಯಾಗಿ ಬೆಳೆಯಿತು.

ಅಕ್ಕನ ಮುಂದೆ ಡಾಕ್ಟರಮ್ಮ ಎರಡು ದಾರಿ ಇಟ್ಟಿದ್ದರಂತೆ. ಮುದುಡಿದ ಜಾಗದೊಳಗೆ ಒಂದು ಮೆತ್ತನೆಯ ಕೊಳವೆ ಇಟ್ಟು ವರ್ಷಗಟ್ಟಲೆ ಹಾಗೇ ಬಾಳುವುದು. ಇಲ್ಲವೇ ಆಪರೇಷನ್ ಮಾಡಿ ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಎಳೆದು ಹೊಲಿಯುವುದು. ಹೊಲಿಗೆ ನಿಂತರೆ ಉಸಿರು ಮೊದಲಿನಂತೆ. ಆದರೆ ದನಿಯ ನರಗಳು ಆ ನಾಳದ ಪಕ್ಕದಲ್ಲೇ ಹೋಗುತ್ತವೆ, ಅವುಗಳಿಗೆ ಪೆಟ್ಟಾದರೆ ದನಿ ಹೇಗಾಗುತ್ತದೋ ಹೇಳಲಾಗದು. ಅಕ್ಕ ಗಂಡನ ಕಡೆ ತಿರುಗಿ ತುಟಿ ಆಡಿಸಿದಳು. ಭಾವ ಸಂಕೋಚದಿಂದ ಕೇಳಿದರು, "ಕೂಸಿನ ಕಿವ್ಯಾಗ ಹೆಸರು ಹೇಳಾಕ ಬರತೈತೇನ್ರಿ ಅಂತ ಕೇಳಾಕ ಹತ್ಯಾಳ್ರಿ."

ಡಾಕ್ಟರಮ್ಮ, "ಕೂಗಾಕ ಆಗತೈತೋ ಇಲ್ಲೋ ಗೊತ್ತಿಲ್ಲ. ಪಿಸುಮಾತಿಗಂತೂ ತೊಂದ್ರಿ ಇಲ್ಲ" ಎಂದರಂತೆ. ಅಕ್ಕ ಅಂಗೈ ಹೊಡೆದು ಎದ್ದು ನಿಂತಳಂತೆ. ಕಿವಿಯಲ್ಲಿ ಯಾರಾದರೂ ಕೂಗುತ್ತಾರೆಯೇ? ಪಿಸುಮಾತು ಸಾಕು! ಆಪರೇಷನ್ನಿಗೆ ಒಪ್ಪಿದ್ದು ಹಾಗೆ.

ಕತ್ತರಿಸಿದರು, ಹೊಲಿದರು. ಒಳಗಿನ ಹೊಲಿಗೆ ಎಳೆದುಕೊಳ್ಳಬಾರದು, ತಲೆ ಎತ್ತಬಾರದು ಎಂದು ಅವಳ ಗದ್ದವನ್ನೇ ಎದೆಗೆ ದಪ್ಪ ದಾರದಿಂದ ಹೊಲಿದುಬಿಟ್ಟಿದ್ದರು. ಒಂದಷ್ಟು ದಿನ ಹಾಗೇ ಇರಬೇಕು, ಮಾತೂ ಇಲ್ಲ. ವಾರ್ಡಿಗೆ ಹೋಗಿ ನೋಡಿದರೆ, ತಲೆದಿಂಬುಗಳಿಗೆ ಒರಗಿ ತಲೆ ತಗ್ಗಿಸಿ ಕೂತಿದ್ದಾಳೆ. ನಮ್ಮ ಅಕ್ಕ, ಯಾರ ಮುಂದೆಯೂ ತಲೆ ತಗ್ಗಿಸದವಳು! ನಾನು ಎದುರು ನಿಂತರೂ ಅವಳಿಗೆ ಕಾಣುವುದು ನನ್ನ ಸೀರೆಯ ನೆರಿಗೆ ಮಾತ್ರ. "ಕೂಸಿನ್ಯಾಕ ಇಲ್ಲಿಗೆ ತಂದ್ರಿ?" ಎಂದು ಸಿಸ್ಟರು ಬೈದರು. ಬೈಯಲಿ ಎಂದು, ಅಕ್ಕನ ತೊಡೆಯ ಮೇಲಿದ್ದ ದಿಂಬಿನ ಮೇಲೆ ಮಗಳನ್ನು ಮಲಗಿಸಿದೆ. ಆಗ ಅಕ್ಕನ ಕಣ್ಣಿಗೆ ಕಾಣುತ್ತಿದ್ದ ಜಾಗ ಅದೊಂದೇ. ಮಗಳು ಕಾಲು ಒದ್ದು ನಕ್ಕಳು. ಅಕ್ಕನ ಬೆರಳು ಅವಳ ಕಿವಿಯ ಸುತ್ತ ಮೆಲ್ಲಗೆ ಆಡಿತು...

ಹೊಲಿಗೆ ನಿಂತಿತು. ಕೊರಳಿನ ತೂತು ಮುಚ್ಚಿತು. ಮಗಳಿಗೆ ಐದನೆಯ ತಿಂಗಳಲ್ಲಿ, ಪಾರ್ವತಿನಗರದ ನಮ್ಮ ಮನೆಯಲ್ಲೇ ತೊಟ್ಟಿಲು ಕಟ್ಟಿದೆವು. ಆವತ್ತು ಹೊಗೆ ಹಾಕಲು ನಾನು ಬಿಡಲಿಲ್ಲ. ಅಕ್ಕ ಹಸಿರು ಇಳಕಲ್ ಸೀರೆಯುಟ್ಟು, ಕೊರಳಿನ ಗಾಯ ಮುಚ್ಚುವಂತೆ ಸೆರಗು ಸುತ್ತಿ ಬಂದಳು. ಅವಳ ಕೊರಳಿಗೆ ಇನ್ನೂ ಕೆಲವು ದಿನ ಕುಲುಕಾಟ ಆಗಬಾರದು ಎಂದು ಡಾಕ್ಟರಮ್ಮ ಹೇಳಿದ್ದರು. ಬೆನ್ನಿಗೆ ಯಾರೂ ಕೈ ಹಚ್ಚಬೇಡಿ ಎಂದು ನಾನು ಬಂದವರಿಗೆಲ್ಲ ಹೇಳಿ ಹೇಳಿ ಸುಸ್ತಾಗಿದ್ದೆ.

ಅಕ್ಕ ತೊಟ್ಟಿಲಿಗೆ ಬಗ್ಗಿದಳು. ಅಷ್ಟರಲ್ಲಿ ಸಿರುಗುಪ್ಪದ ಚಿಗವ್ವ, ಅಭ್ಯಾಸಬಲ ನೋಡಿ, ಮುಷ್ಟಿ ಕಟ್ಟಿ ಕೈ ಎತ್ತಿಯೇಬಿಟ್ಟಳು! ಬಾಗಿಲ ಬಳಿ ನಿಂತಿದ್ದ ಭಾವ ಹೆಂಗಸರ ನಡುವೆ ನುಗ್ಗಿ, ಅಕ್ಕನ ಹಿಂದೆ ಬಗ್ಗಿ ನಿಂತು, ತಮ್ಮ ಬೆನ್ನು ಒಡ್ಡಿದರು.

"ನನಗ ಗುದ್ರಿ! ಎಷ್ಟ ಬೇಕಾದ್ರೂ ಗುದ್ರಿ, ಆಕಿನ್ನ ಬಿಡ್ರಿ!"

ಗುದ್ದಿದರು ನೋಡಿ! ಓಣಿಯ ಹೆಂಗಸರಿಗೆ ಅಂಥ ಅವಕಾಶ ಮತ್ತೆಂದು ಸಿಕ್ಕೀತು? ಧಪ ಧಪ ಸದ್ದು, ನಗು. ಭಾವ ನಗುತ್ತ, ಅಳುತ್ತ ಗುದ್ದು ತಿಂದರು. ಆ ಗದ್ದಲದ ಕೆಳಗೆ, ಅಕ್ಕನ ಆಸರೆಯಲ್ಲಿ ತೊಟ್ಟಿಲು ತಣ್ಣಗಿತ್ತು. "ಕುರ್ರ್..." ಎಂದಳು. ಒರಟು ದನಿ, ಒಣ ಜೋಳದ ದಂಟು ಸರಿದಂತೆ. ಆದರೆ ದನಿ! ಮಗಳು ಬೆಚ್ಚಿ ಅವಳ ಮೂಗು ಹಿಡಿದಳು.

ಇನ್ನು ಎದ್ದು ನಿಂತು ಹೆಸರು ಕೂಗಬೇಕು. ಅಕ್ಕ ಬಾಯಿ ತೆರೆದಳು, ದನಿ ಮೇಲೇರಲಿಲ್ಲ. ಆಗ ಆ ಚಿಗವ್ವನೇ ಮುಂದೆ ಬಂದು, ಓಲೆ ಸರಿಸಿ, "ನನ್ನ ಕಿವ್ಯಾಗ ಹೇಳವಾ" ಎಂದು ಕಿವಿಯೊಡ್ಡಿದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಹೀಗೆ ನನ್ನ ಮಗಳ ಹೆಸರು ಒಬ್ಬೊಬ್ಬರ ಕಿವಿಗೇ ಹೋಯಿತು. ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ, ಅದು ಕಿವಿಯಲ್ಲಿ ಹೇಳಿದ್ದು. ಕೊನೆಗೆ ನಾನೂ ಹೋಗಿ ಬಗ್ಗಿದೆ. ಅಕ್ಕ ನನ್ನ ಕಿವಿಯಲ್ಲಿ ಹೆಸರು ಹೇಳಲಿಲ್ಲ.

"ನನಗಾಗಿ ಕಾದಿಯಲ್ಲ ತಂಗಿ" ಎಂದಳು.

ಆಮೇಲೆ ನಾವು ಬೇರೆ ಓಣಿಗೆ ಹೋದೆವು. ಅವರು ದೇಶನೂರಿಗೆ ಮರಳಿದರು. ಹೋದ ವರ್ಷ ಅಕ್ಕನಿಗೆ ಎದೆನೋವು ಬಂತು, ಆಸ್ಪತ್ರೆಯ ತನಕವೂ ಉಳಿಯಲಿಲ್ಲ. ಮಾತಾಡಿಸಲು ಹೋದಾಗ ಭಾವ, "ಕೊಳ್ಳಾಗಿನ ಹೊಲಿಗಿ ಕಡೀತನಕ ಮೋಸ ಮಾಡ್ಲಿಲ್ಲವ್ವಾ" ಎಂದರು. ಅದೊಂದನ್ನೇ ಮತ್ತೆ ಮತ್ತೆ ಹೇಳಿದರು...

ಮೊನ್ನೆ ಸೋದರತ್ತೆ ನಾನು. ತಮ್ಮನ ಮಗಳ ತೊಟ್ಟಿಲಿಗೆ ಬಗ್ಗಿ, ಹೇಗೋ "ಕುರ್ರ್..." ಎಂದು ಹೆಸರು ಹೇಳಿದೆ. ಬೆನ್ನಿಗೆ ಗುದ್ದು ಬಿತ್ತು. ತಿರುಗಿ ನೋಡಿದರೆ ನನ್ನ ಮಗಳು, ಈಗ ಹೈಸ್ಕೂಲಿನವಳು, ನಗುತ್ತಿದ್ದವಳು ನನ್ನ ಕಣ್ಣು ನೋಡಿ ಗಾಬರಿಯಾದಳು. "ಯಾಕಮ್ಮಾ, ಜೋರ್ ಬಿತ್ತೇನು?"

"ಹೂಂ, ಜೋರ ಬಿತ್ತು" ಎಂದೆ.

ಹೆಸರು ಕೂಗು ಎಂದು ಎಲ್ಲರೂ ಕಾಯುತ್ತಿದ್ದರು. ನನ್ನ ದನಿ ಏಳಲಿಲ್ಲ. ಅಮ್ಮ ಎದ್ದು ಬಂದಳು. ಏನೂ ಕೇಳದೆ, ಸೆರಗು ಸರಿಸಿ, ಕಿವಿಯೊಡ್ಡಿ ನಿಂತಳು. ಕೂಸಿನ ಹೆಸರು ಹೇಳಬೇಕಿತ್ತು ನಾನು.

"ಅಕ್ಕ ಇಲ್ಲ ಯವ್ವಾ" ಎಂದೆ.