ಏಳೂವರೆ ಇಂಚಿನ ಲಂಡನ್ನು

ಮುಂಬೈಯಿಂದ ಲಂಡನ್ನಿಗೆ ಏಳೂವರೆ ಇಂಚು. ನಾನೇ ಅಳೆದಿದ್ದೇನೆ, ಯಾರೂ ವಾದಕ್ಕೆ ಬರಬೇಕಾಗಿಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷದ ಮಾತು. ವಿಜಾಪುರದ ಸೊಲ್ಲಾಪುರ ರಸ್ತೆಯ ನನ್ನ ಹೊಲಿಗೆ ಅಂಗಡಿಗೆ ಕಚೇರಿಯ ಒಬ್ಬ ಕಾರಕೂನ ದಿನಾಲೂ ಪತ್ರಿಕೆ ಹಿಡಿದು ಬರುತ್ತಿದ್ದ. ಆ ಎರಡು ಊರುಗಳ ನಡುವೆ ವಿಮಾನ ಹಾರತೊಡಗಿದೆಯೆಂದು ಓದಿದ ಮೇಲೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಐದು ಸಾವಿರ ಮೈಲಿಯಂತೆ, ಎರಡನೆಯ ದಿನಕ್ಕೆಲ್ಲ ಮುಟ್ಟುತ್ತದಂತೆ. ನಡುವೆ ವಿಮಾನ ಇಳಿದು ಎಣ್ಣೆ ಕುಡಿಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ನಾವು ಮೂರು ದಿನ ಜಗಳಾಡಿದೆವು. ಟಾಂಗಾ ಹತ್ತಲು ಹಿಂದೆಮುಂದೆ ನೋಡುವ ಜನ! ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟ ನಾನಂತೂ ನಕಾಶೆ ತರಿಸಿ, ಕೊರಳಲ್ಲಿದ್ದ ಟೇಪನ್ನು ಸಮುದ್ರದ ಮೇಲೆ ಎಳೆದು ತೀರ್ಪು ಕೊಟ್ಟೆ. ಇಂಥ ಪಂಡಿತ ನಾನು.

ಅದೇ ವಾರ ನಾಗರ ಪಂಚಮಿ. ನಮ್ಮ ಕಡೆ ಅಣ್ಣ ಹೋಗಿ ಕರೆಯದೆ ಹೆಣ್ಣುಮಗಳು ಪಂಚಮಿಗೆ ತವರಿಗೆ ಬರುವುದಿಲ್ಲ. ನನ್ನ ತಂಗಿ ಗಂಗವ್ವನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೆವು. ತವರೂರು ತಿಕೋಟಾದಲ್ಲಿ ಅವ್ವ ಉಂಡಿ ಕಟ್ಟಿ, ಜೋಕಾಲಿ ಹಾಕಿಸಿ ಅವಳ ದಾರಿ ನೋಡುತ್ತಿದ್ದಳು. ನಾನು ಕರೆಯಲು ಹೋಗಲಿಲ್ಲ. ಹಾಗೆ ತಪ್ಪಿಸಿದ್ದು ಅದು ನಾಲ್ಕನೆಯ ವರ್ಷ. ಹಬ್ಬದ ಮುಂದೆ ಹೊಲಿಗೆ ಬಹಳ ಎಂಬ ನೆವ. ಯಾರ ಹೊಲಿಗೆ? ಅಣ್ಣಂದಿರು ತಪ್ಪದೆ ಕರೆತಂದ ಊರವರ ತಂಗಿಯರ ಕುಬಸ. ಥೂ!

ಹಬ್ಬ ಮುಗಿದು ಎಂಟು ದಿನಕ್ಕೆ, ತಪ್ಪು ಮುಚ್ಚಲು ಒಂದು ಕುಬಸ ಹೊಲಿದುಕೊಂಡು ಸೈಕಲ್ ತುಳಿದೆ. ಹದಿನೈದು ಮೈಲಿ, ಎರಡು ತಾಸು. ನಡುವೆ ಎಲ್ಲಿಯೂ ಎಣ್ಣೆ ಬೇಕಾಗಲಿಲ್ಲ.

ಕಟ್ಟೆಯ ಮೇಲೆ ಗಂಗವ್ವನ ಅತ್ತೆ ಕೂತಿದ್ದರು. "ಬರ್ರಿ ಬರ್ರಿ. ನಿಮ್ಮೂರಾಗ ಪಂಚಮಿ ಇನ್ನೂ ಮುಗದಿಲ್ಲೇನ್ರಿ? ನಾಕ ವರ್ಷ ಆತು, ಹಬ್ಬದ ಮುಂದ ನಿಮ್ಮ ತಂಗಿ ಗಂಟ ಕಟ್ಟಿಕೊಂಡ ಇದ ಕಟ್ಟಿ ಮ್ಯಾಲ ಕುಂದರತಾಳ. ಸಂಜಿಗೆ ಬಿಚ್ಚತಾಳ."

ಐದು ಸಾವಿರ ಮೈಲಿಯ ಲೆಕ್ಕ ಬಾಯಿಪಾಠವಿದ್ದ ನಾನು, ಬಾಗಿಲಿಗೆ ಬಂದ ತಂಗಿಯ ಕೈಗೆ ಕುಬಸ ಕೊಟ್ಟೆ.

ಗಂಗವ್ವ ಒಳಗೆ ಹೋಗಿ ಹೊಸ ಕುಬಸ ತೊಟ್ಟು ಬಂದಳು. ಭುಜ ಜಾರುತ್ತಿತ್ತು, ತೋಳು ಜೋತುಬಿದ್ದಿತ್ತು.

"ಯಾರ ಅಳತಿಗೆ ಹೊಲದಿ ಅಣ್ಣಾ?" ಎಂದು ನಕ್ಕಳು. "ಯಾರರ ಗಿರಾಕಿ ಬಿಟ್ಟ ಹೋದದ್ದನ?"

"ನಿಂದ ಅಳತಿ ತಂಗೀ. ಹಿಂದಕ ಪಂಚಮಿಗೆ ಕರಕೊಂಡ ಹೋದಾಗಿಂದು."

ಅವಳು ಅಷ್ಟು ಸೊರಗಿದ್ದು ನನಗೆ ಗೊತ್ತೇ ಇರಲಿಲ್ಲ. ಅವಳು ಒಳಹೋಗಿ, ಮೈಗೆ ಸರಿಯಾದ ಒಂದು ಕುಬಸ ಮಡಚಿ ತಂದು ನನ್ನ ಕೈಗಿಟ್ಟಳು.

"ಅಳತಿಗೆ ಇದನ್ನ ಒಯ್ಯಿ. ನನ್ನ ಹಂತ್ಯಾಕ ಛಲೋದು ಇರೂದು ಇದೊಂದ. ತಿರುಗಿ ಕೊಡಾಕರ ಬರ್ತಿ."

ಮರುದಿನ ಕಾರಕೂನ ಅಮೆರಿಕೆಯ ದೂರ ಅಳೆಯೋಣವೆಂದು ನಕಾಶೆ ಬಿಡಿಸಿದ. ಅದನ್ನು ಸುತ್ತಿ ಅವನ ಕೈಗೇ ಕೊಟ್ಟೆ.

"ಟೇಪ ಖಾಲಿ ಇಲ್ಲರಿ. ಬಬಲೇಶ್ವರ ಅಳಿಯೂದೈತಿ."